ನಡುರಾತ್ರಿಯ ಸಿಹಿ: ಮಕ್ಕಳ ಹುಟ್ಟುಹಬ್ಬಕ್ಕೆ ತಕ್ಕ ಹೊತ್ತು ಯಾವುದು?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಬಹುಮಹಡಿ ವಸತಿಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಪದ್ಧತಿಯೊಂದು ನೆಲೆಗೊಂಡಿದೆ. ಮಗುವಿನ ಹುಟ್ಟುಹಬ್ಬದ ಹಿಂದಿನ ರಾತ್ರಿ ಗೆಳೆಯರೆಲ್ಲ ಕೂಡುತ್ತಾರೆ. ಗಡಿಯಾರ 12 ತೋರಿಸುತ್ತಲೇ ಕೇಕು ಹಂಚಲಾಗುತ್ತದೆ. ದೊಡ್ಡ ಕೇಕಿನ ಜಾಗಕ್ಕೆ ಈಗ ಅಂಗೈಯಗಲದ ಕಪ್‌ಕೇಕುಗಳು ಬಂದಿವೆ. ಒಂದರ ಮೇಲೆ ಕರಡಿಯ ಮುಖ, ಇನ್ನೊಂದರ ಮೇಲೆ ರಾಕೆಟ್ಟು, ಮತ್ತೊಂದರ ಮೇಲೆ ಗೂಬೆಯ ಕಣ್ಣು. ಮರುದಿನ ಹೊಟ್ಟೆನೋವು, ವಾಂತಿಯೆಂದು ಮಕ್ಕಳನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತರುವ ತಾಯಂದಿರು, "ಹೊರಗಿನದೇನೂ ತಿಂದಿಲ್ಲ ಡಾಕ್ಟರೇ, ಎಲ್ಲ ಮನೆಯಲ್ಲೇ ಮಾಡಿದ್ದು" ಎನ್ನುತ್ತಾರೆ.

ಬೇರೆಯವರ ಮನೆಯ ಮಾತೇಕೆ? ನಮ್ಮ ಮೊಮ್ಮಗನ ಎಂಟನೆಯ ಹುಟ್ಟುಹಬ್ಬಕ್ಕೂ ಹೀಗೆಯೇ ಆಯಿತು. ಸೊಸೆ ಅರ್ಧ ದಿನ ರಜೆ ಹಾಕಿ, ರಾತ್ರಿ ಹನ್ನೊಂದರವರೆಗೆ ನಿಂತು 36 ಕಪ್‌ಕೇಕುಗಳನ್ನು ಬೇಯಿಸಿ ಸಿಂಗರಿಸಿದಳು. ನಾವು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಟುವಾಗಿ ಮಾತನಾಡಿಬಿಟ್ಟೆವು. ಆಕೆ ಕಣ್ಣು ತುಂಬಿಕೊಂಡು, "ಮಾವ, ಬೇಕರಿಯದು ಬೇಡವೆಂದು ಹೇಳಿದವರು ನೀವೇ. ಮನೆಯಲ್ಲಿ ಮಾಡಿದರೂ ತಪ್ಪೇ?" ಎಂದು ಕೇಳಿದಳು. ಆ ಪ್ರಶ್ನೆಗೆ ಬೈಗುಳವು ಉತ್ತರವಾಗಲಾರದು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇವೆ.

ಚರಕಸಂಹಿತೆಯ ವಿಮಾನಸ್ಥಾನವು ಆಹಾರವನ್ನು ಎಂಟು ಅಂಶಗಳಿಂದ ಪರೀಕ್ಷಿಸುತ್ತದೆ. ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ, ಉಪಯೋಕ್ತೃ ಎಂಬುವೇ ಆ ಎಂಟು. ಮನೆಯಲ್ಲಿ ಮಾಡಿದ್ದೋ ಅಂಗಡಿಯಿಂದ ತಂದದ್ದೋ ಎಂಬುದೊಂದರಿಂದಲೇ ಪದಾರ್ಥವು ಹಿತವೆನಿಸದು. ಮೂರು ಅಂಶಗಳನ್ನಷ್ಟೇ ನೋಡೋಣ.

ಮೊದಲನೆಯದು ರಾಶಿ, ಅಂದರೆ ಪ್ರಮಾಣ. ಕೆಲವು ದಿನಗಳ ಬಳಿಕ, ಚೂರ್ಣ ತೂಗುವ ತಕ್ಕಡಿಯಲ್ಲಿ ಸೊಸೆಯೊಡನೆ ಕುಳಿತು ತೂಗಿ ನೋಡಿದೆವು. 12 ಕಪ್‌ಕೇಕುಗಳಿಗೆ ಮೈದಾ 200 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 150 ಗ್ರಾಂ. ಮೇಲಣ ಅಲಂಕಾರಕ್ಕೆ ಮತ್ತೆ ಬೆಣ್ಣೆ 150 ಗ್ರಾಂ, ಪುಡಿಸಕ್ಕರೆ 300 ಗ್ರಾಂ. ಒಟ್ಟು ಸಕ್ಕರೆ ಅರ್ಧ ಕಿಲೋ; ಒಂದೊಂದರ ಪಾಲಿಗೆ 40 ಗ್ರಾಂಗೂ ಮೇಲು, ಅಂದರೆ ಸುಮಾರು ಎಂಟು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ, ವಯಸ್ಕರೂ ದಿನವೊಂದಕ್ಕೆ ಇಂಥ ಸಕ್ಕರೆಯನ್ನು ಸುಮಾರು 25 ಗ್ರಾಂ ಒಳಗಿರಿಸುವುದು ಲೇಸು. ಎಂಟು ವರ್ಷದ ಮಗು ಎರಡು ಕಪ್‌ಕೇಕು ತಿಂದರೆ ಲೆಕ್ಕ ಎಲ್ಲಿಗೆ ಮುಟ್ಟಿತು? ಸೊಸೆಯನ್ನು ಬೆರಗಾಗಿಸಿದ್ದು ಇನ್ನೊಂದು ಸಂಗತಿ. ಸಕ್ಕರೆಯ ಐದರಲ್ಲಿ ಮೂರು ಪಾಲು ಕೇಕಿನಲ್ಲಿರಲಿಲ್ಲ, ಕರಡಿಯ ಮುಖದಲ್ಲಿತ್ತು!

ಎರಡನೆಯದು ಸಂಯೋಗ. ರೂಪಕ್ಕೆ ಬಣ್ಣ ಬೇಕು. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು. ಟಾರ್ಟ್ರಾಜಿನ್, ಕಾರ್ಮೊಸಿನ್ ಮೊದಲಾದ ಕೃತಕ ಬಣ್ಣಗಳೇ ಅದಕ್ಕೆ ಕಾರಣ. ಉಳಿದ 223 ಸುರಕ್ಷಿತವಾಗಿದ್ದವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಕಾನೂನು ಅನುಮತಿಸಿದ ಬಣ್ಣಕ್ಕೂ ಮಿತಿಯುಂಟು. ಸಾಮಾನ್ಯವಾಗಿ ಕಿಲೋ ಆಹಾರಕ್ಕೆ 100 ಮಿಲಿಗ್ರಾಂ ಮೀರುವಂತಿಲ್ಲ. ಮನೆಯಲ್ಲಿ ಸೀಸೆಯಿಂದ ತೊಟ್ಟಿಕ್ಕಿಸುವ ಕೈ ಈ ಮಿತಿಯನ್ನು ಅಳೆಯುವುದು ಹೇಗೆ? ಶಾಕಾಹಾರಿಗಳಾದ ಭಕ್ತರು ಇನ್ನೊಂದನ್ನೂ ಗಮನಿಸಬೇಕು. ಅಲಂಕಾರದ ಕೆಲವು ಮೆತ್ತನೆಯ ಸಾಮಗ್ರಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಕೀಟದಿಂದ ತೆಗೆಯುತ್ತಾರೆ. ಮೊಟ್ಟೆ ಹಾಕಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗದೆ, ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು.

ಮೂರನೆಯದೂ ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದೂ ಕಾಲ. ರಾತ್ರಿ ಎಂಟಕ್ಕೆ ಉಂಡ ಅನ್ನ ಪೂರ್ತಿ ಜೀರ್ಣವಾಗುವ ಮುನ್ನ ಹನ್ನೆರಡಕ್ಕೆ ಮತ್ತೆ ತಿನ್ನುವುದನ್ನು ಆಯುರ್ವೇದವು ಅಧ್ಯಶನವೆಂದು ಕರೆದು ದೋಷಗಳಲ್ಲಿ ಎಣಿಸಿದೆ. ರಾತ್ರಿಯ ಹೊತ್ತು ಸಕ್ಕರೆಯನ್ನು ನಿಭಾಯಿಸುವ ಶಕ್ತಿ ದೇಹಕ್ಕೆ ಹಗಲಿಗಿಂತ ಕಡಿಮೆಯೆಂದು ಆಧುನಿಕ ವೈದ್ಯವೂ ಒಪ್ಪುತ್ತದೆ. ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ. ಒಂದು ವರ್ಷ ಬೆಳೆದನೆಂದು ಸಂಭ್ರಮಿಸಲು ಬೆಳೆಯುವ ಹೊತ್ತನ್ನೇ ಕಸಿಯುತ್ತಿದ್ದೇವೆ. ನಮ್ಮ ಸಂಪ್ರದಾಯ ಜಾಗರಣೆಯನ್ನು ಅರಿಯದ್ದಲ್ಲ. ಆದರೆ ಶಿವರಾತ್ರಿಯ ಜಾಗರಣೆಗೆ ಉಪವಾಸವನ್ನು ಜೊತೆಗೂಡಿಸಿದ ಹಿರಿಯರ ವಿವೇಕವನ್ನು ಗಮನಿಸಿರಿ: ಎಚ್ಚರವಿರುವ ರಾತ್ರಿ ಹೊಟ್ಟೆಯು ಹಗುರವಾಗಿರಲಿ ಎಂದರು.

ಹಾಗೆಂದು ಮಕ್ಕಳ ಸಂತೋಷಕ್ಕೆ ಅಡ್ಡ ನಿಲ್ಲುವುದು ನಮ್ಮ ಅಭಿಪ್ರಾಯವಲ್ಲ. ಕಪ್‌ಕೇಕು ಇರಲಿ, ಹೊತ್ತು ಬದಲಾಗಲಿ, ಅಲಂಕಾರ ಇಳಿಯಲಿ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕವೇ ಇದೆ. ಆಸಕ್ತರು ಅಲ್ಲಿ ಕ್ರಮವಾಗಿ ಕಲಿಯಬಹುದು. ಈ ವರ್ಷ ನಮ್ಮ ಮನೆಯಲ್ಲಿ ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಲ್ಲ 120 ಗ್ರಾಂ ಸೇರಿಸಿ 12 ಕಪ್‌ಕೇಕು ಮಾಡಿದೆವು. ರಾಗಿಯೊಂದೇ ಆದರೆ ಅಂಟಿಲ್ಲದೆ ಪುಡಿಯಾಗುತ್ತದೆ, ಗೋಧಿ ಹಿಡಿದಿಡುತ್ತದೆ. ಬೆಲ್ಲವೂ ಸಕ್ಕರೆಯ ಬಂಧುವೇ ಆದುದರಿಂದ ಮಿತಿ ಅದಕ್ಕೂ ಸಲ್ಲುತ್ತದೆ. ಆರೋಗ್ಯಕರವೆಂದು ಜೇನನ್ನು ಹಿಟ್ಟಿಗೆ ಬೆರೆಸಿ ಬೇಯಿಸಬೇಡಿರಿ. ಕಾಯಿಸಿದ ಜೇನು ಆಯುರ್ವೇದಕ್ಕೆ ನಿಷಿದ್ಧ. ಅರಿಸಿನ ಬೆರೆಸಿದರೆ ಹಳದಿ ನಿಲ್ಲದು. ಸುಣ್ಣ ತಾಗಿದ ಅರಿಸಿನ ಕೆಂಪಾಗುವಂತೆ ಸೋಡಾ ತಾಗಿದರೂ ಕೆಂಪಡರುತ್ತದೆ. ಮೊಮ್ಮಗನೇ ಒಣದ್ರಾಕ್ಷಿಯಿಂದ ಕಣ್ಣು, ಬಾದಾಮಿಯಿಂದ ಕೊಕ್ಕು ಇಟ್ಟು ಗೂಬೆಗಳನ್ನು ಮಾಡಿದನು. ಒಂದು ಗೂಬೆಗೆ ಮೂರು ಕಣ್ಣುಗಳಿದ್ದವು. ಅದು ಶಿವನ ಗೂಬೆಯೆಂದು ವಿವರಿಸಿದನು.

ಸಂಜೆ ಐದಕ್ಕೆ ಮಕ್ಕಳೆಲ್ಲ ಸೇರಿ ಆಡಿ, ತಿಂದು, ಏಳರೊಳಗೆ ಮನೆ ಸೇರಿದರು. ಮೊದಲ ತಟ್ಟೆಯನ್ನು ಮೊಮ್ಮಗನ ಕೈಯಲ್ಲಿ ವಸತಿಯ ಕಾವಲುಗಾರರಿಗೂ ಮೆಟ್ಟಿಲು ಗುಡಿಸುವ ತಾಯಂದಿರಿಗೂ ಕಳುಹಿಸಿದ್ದು ಸೊಸೆಯ ಆಲೋಚನೆ. ನಡುರಾತ್ರಿ ಎಚ್ಚರವಿರಲೇಬೇಕಾದವರು ಆ ಕಾವಲುಗಾರರು. ಇಷ್ಟು ವರ್ಷ ನಮ್ಮ ಕೇಕಿನ ಸದ್ದು ಅವರಿಗೆ ಕೇಳಿಸುತ್ತಿತ್ತು, ಪಾಲು ತಲುಪುತ್ತಿರಲಿಲ್ಲ. ದಾಸೋಹವನ್ನು ಮಠದಲ್ಲಿ ಕಂಡ ಮಗು ಅದನ್ನು ಮನೆಯ ಬಾಗಿಲಲ್ಲಿಯೂ ಕಾಣಲಿ.

ಸದ್ಭಕ್ತರು ತಮ್ಮ ಮನೆಯ ಮುಂದಿನ ಹುಟ್ಟುಹಬ್ಬಕ್ಕೆ ಗಡಿಯಾರವನ್ನೊಮ್ಮೆ ಏಳು ಗಂಟೆ ಹಿಂದಿಟ್ಟು ನೋಡಬೇಕೆಂದು ನಮ್ಮ ವಿನಂತಿ. ಮರುದಿನ ಬೆಳಿಗ್ಗೆ ಮಗು ಹಸಿದು ಏಳುತ್ತದೆಯೇ ಎಂಬುದನ್ನು ಗಮನಿಸಿರಿ.