ಸ್ವಂತ ಮಾತೇ ಬಂಡವಾಳ

ಹೊಸ ಉದ್ಯಮಿಗಳು ಬ್ಲಾಗಿನಲ್ಲಿ ಬರೆಯುವುದು ಸಾಮಾನ್ಯವಾಗಿ ಒಂದೇ ಮಾತು: "ನಮ್ಮ ಸರಕು ಉತ್ತಮ." ಇದನ್ನು ಅಲ್ಲಗಳೆಯುವವರಿಲ್ಲ, ಆದುದರಿಂದಲೇ ನೆನಪಿಡುವವರೂ ಇಲ್ಲ.

ಷಿಕಾಗೋ ನಗರದಲ್ಲಿ 1999ರಲ್ಲಿ ಆರಂಭವಾದ 37ಸಿಗ್ನಲ್ಸ್ ಎಂಬ ಪುಟ್ಟ ಸಂಸ್ಥೆ, ತಂತ್ರಾಂಶದಲ್ಲಿ ಸೌಲಭ್ಯಗಳು ಕಡಮೆಯಿರುವುದೇ ಲೇಸೆಂದು ತನ್ನ ಬ್ಲಾಗಿನಲ್ಲಿ ವಾದಿಸಿತು. 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ತಂತ್ರಾಂಶವನ್ನು ಹೊರತಂದಾಗ ಅದರ ಓದುಗರಲ್ಲೇ ಗಿರಾಕಿಗಳು ದೊರೆತರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಳೆದ ವರ್ಷ ಅಣ್ಣ ಎಣ್ಣೆಗಾಣ ಹಾಕಿ, ಬ್ಲಾಗಿಗೆ ನಾಲ್ಕು ಮಾತು ಬರೆದುಕೊಡೆಂದ. ಗೈಡು ನೋಡಿ ಉತ್ತರ ಬರೆಯುವವನಂತೆ ಪರರ ಮಾತುಗಳನ್ನೇ ಪೋಣಿಸಿಕೊಟ್ಟೆ. ಒಬ್ಬರೂ ವಿಚಾರಿಸಲಿಲ್ಲ. ಗಾಣದಲ್ಲಿ ಎಣ್ಣೆ ಕಡಮೆ ಇಳಿಯುತ್ತದೆ, ಆದ್ದರಿಂದ ನಮ್ಮ ಬೆಲೆ ಹೆಚ್ಚು ಎಂಬ ನಿಜವನ್ನು ಬರೆಯಲು ನನಗೆ ಧೈರ್ಯ ಸಾಲಲಿಲ್ಲ.

ಗೆಳೆಯರೆ, ಭಿನ್ನಾಭಿಪ್ರಾಯಕ್ಕೆ ಅಂಜುವ ಲೇಖನಿ ಉದ್ಯಮಕ್ಕೂ ಬೇಡ, ಉತ್ತರಪತ್ರಿಕೆಗೂ ಬೇಡ.