ಹಸಿರು ವಾಂತಿಗೆ ಬಜೆ ಮದ್ದಲ್ಲ

ಹಸುಗೂಸು ಕಕ್ಕುವುದು ಸಹಜ, ಡೊಂಬಿವಲಿ-ಕಲ್ಯಾಣದ ಆಸ್ಪತ್ರೆಗಳು ಬಾಣಂತಿಯರನ್ನು ಹೆದರಿಸಿ ಶಸ್ತ್ರಚಿಕಿತ್ಸೆಗೆ ದೂಡುತ್ತಿವೆ, ಬಜೆ ತೇಯ್ದು ನೆಕ್ಕಿಸಿ ನಾಲ್ಕು ದಿನ ಕಾದರೆ ಸಾಕು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕುಡಿದ ಹಾಲು ಕಕ್ಕುವುದು ಸಹಜವೇ. ದುಬಾರಿ ಬಿಲ್ಲಿನ ಮೇಲಿನ ಸಿಟ್ಟೂ ನ್ಯಾಯವೇ. ಉಳಿದದ್ದು ಮಗುವಿನ ಜೀವಕ್ಕೇ ಅಪಾಯ.

ಲೇಖಕರು ವಾಂತಿಯ ಬಣ್ಣದ ಮಾತನ್ನೇ ಎತ್ತಿಲ್ಲ. ಮಗುವಿನ ಬಿಳಿ ಬಟ್ಟೆಯ ಮೇಲೆ ಎಲೆಹಸಿರು ಕಲೆ ಬಿತ್ತೆಂದರೆ ಅದು ಪಿತ್ತ. ಕರುಳು ಎಲ್ಲೋ ಕಟ್ಟಿಕೊಂಡಿದೆ ಎಂದು ಶಂಕಿಸಲು ಅಷ್ಟು ಸಾಕು. ಕರುಳು ತಿರುಚಿಕೊಂಡಿದ್ದರೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ನಾಲ್ಕು ದಿನ ಎಲ್ಲಿಂದ ತರೋಣ? ಇನ್ನು ಸುಮಾರು 3,000-4,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಅನ್ನನಾಳವೇ ಕೂಡಿರುವುದಿಲ್ಲ. ಅಂಥ ಮಗುವಿಗೆ ನೆಕ್ಕಿಸಿದ ಬಜೆ ಹೊಟ್ಟೆಗಿಳಿಯದು, ಉಸಿರಿನ ದಾರಿಗೇ ನುಗ್ಗುತ್ತದೆ.

ಈ ಶಸ್ತ್ರಚಿಕಿತ್ಸೆ ದುಡ್ಡಿಗಾಗಿ ಹುಟ್ಟಿಸಿದ ಹೊಸ ಪದ್ಧತಿಯೂ ಅಲ್ಲ. ಅಮೆರಿಕದ ಕ್ಯಾಮರಾನ್ ಹೈಟ್ 1941ರಲ್ಲೇ ಇಂಥ ಅನ್ನನಾಳವನ್ನು ಜೋಡಿಸಿ ಮಗುವನ್ನು ಉಳಿಸಿದ್ದರು. ಖರ್ಚಿನ ಚಿಂತೆಯಿದ್ದರೆ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ. 1929ರಿಂದ ಬಡವರ ಮಕ್ಕಳನ್ನು ನೋಡುತ್ತ ಬಂದಿರುವ ಸಂಸ್ಥೆ ಅದು.

ಥಾಣೆ, ನವಿ ಮುಂಬಯಿಯ ತಾಯ್ತಂದೆಯರಲ್ಲಿ ನನ್ನ ವಿನಂತಿ: ಹುಟ್ಟಿದ 24 ಗಂಟೆಯೊಳಗೆ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿದರೆ ಅಂದೇ ವೈದ್ಯರಿಗೆ ತೋರಿಸಿ. ವಾಂತಿ ಹಸಿರಾದರೆ ಬಾಯಿಗೆ ಏನೂ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ ಸರಿ.