ಕಾಲೀನ್ ಹೂವರ್ ಓದಿದರೆ ಕನ್ನಡಕ್ಕೇನು ನಷ್ಟ?

ಫರ್ಗ್ಯುಸನ್ ಕಾಲೇಜು ರಸ್ತೆಯ ಫುಟ್‌ಪಾತಿನಲ್ಲಿ ಇಂಗ್ಲಿಷ್ ಪ್ರೇಮಕಾದಂಬರಿ ಆರಿಸುತ್ತಿರುವ ಕನ್ನಡದ ಹುಡುಗಿಯನ್ನು ಕಂಡರೆ ಪುಣೆಯ ನಮ್ಮ ಹಿರಿಯರಿಗೆ ಮೈ ಉರಿಯುತ್ತದೆ. ಕಾರಂತ, ಭೈರಪ್ಪ ಬಿಟ್ಟು ಕಾಲೀನ್ ಹೂವರಳ ಕಸ ಓದುತ್ತಾರಲ್ಲ ಎಂಬ ಗೊಣಗಾಟ ರಾಜ್ಯೋತ್ಸವದ ವೇದಿಕೆಯನ್ನೂ ಏರುತ್ತದೆ. ಈ ಸಿಟ್ಟಿನಲ್ಲಿ ನನಗೆ ಹುರುಳು ಕಾಣುವುದಿಲ್ಲ.

ಇವರ ಅಜ್ಜಂದಿರು ಓದಿದ್ದೇನು? ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕೋಟೆ, ಕತ್ತಿ, ಒಳಸಂಚು, ಪ್ರೇಮ ಎಲ್ಲವೂ ಇದ್ದ ಆ ಕಥೆಗಳಿಂದಲೇ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಓದಿನ ಚಟ ಹತ್ತಿತು. ಅವುಗಳನ್ನು ಆಗ ಯಾರಾದರೂ ಕಸವೆಂದು ಬಿಸಾಡಿದ್ದರೆ ಕಾರಂತರಿಗೆ ಓದುಗರು ಎಲ್ಲಿಂದ ಬರಬೇಕಿತ್ತು?

ಇಂಗ್ಲಿಷಿನ ಸೆಳೆತ ನಮ್ಮೊಬ್ಬರ ಕಥೆಯಲ್ಲ. ಜರ್ಮನಿಯಲ್ಲೂ ಹರೆಯದವರು ಜನಪ್ರಿಯ ಕಾದಂಬರಿಗಳನ್ನು ಇಂಗ್ಲಿಷಿನಲ್ಲೇ ಓದುತ್ತಾರೆ. ಅಲ್ಲಿ ಜರ್ಮನ್ ಪುಸ್ತಕವನ್ನು ಯಾವ ಅಂಗಡಿಯಲ್ಲಿ ಕೊಂಡರೂ ಒಂದೇ ಬೆಲೆ, ಅದು ಕಾನೂನು. ಆಮದಾದ ಇಂಗ್ಲಿಷ್ ಪ್ರತಿಗೆ ಸಾಮಾನ್ಯವಾಗಿ ಆ ಕಟ್ಟಿಲ್ಲ, ಅಗ್ಗಕ್ಕೇ ಸಿಗುತ್ತದೆ. ಪ್ರಕಾಶಕರು ಅಳುತ್ತ ಕೂರಲಿಲ್ಲ. ಅನುವಾದಗಳನ್ನು ಬೇಗ ಹೊರತಂದರು, ಹಾಳೆಗಳ ಅಂಚಿಗೆ ಬಣ್ಣ ಹಚ್ಚಿ ಹುಡುಗರ ಕಣ್ಣು ಸೆಳೆದರು. ನಾವು? ಪುಣೆಯ ಪುಸ್ತಕಪೇಟೆ ಅಪ್ಪಾ ಬಳವಂತ ಚೌಕದಲ್ಲಿ ಹದಿನಾರರ ಹುಡುಗಿ ಬಿಡದೆ ಓದುವಂಥ ಕನ್ನಡ ಕಾದಂಬರಿ ಕೊಡಿ ಎಂದು ಕೇಳಿ ನೋಡಿ.

ಸಿಕ್ಕರೂ ಓದುವುದು ಹೇಗೆ? ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪುಣೆ ಕನ್ನಡ ಸಂಘವೇ ಇಂಗ್ಲಿಷ್ ಮಾಧ್ಯಮದ ಶಾಲೆ ನಡೆಸುತ್ತದೆ. ಅದು ಕಾಲದ ಒತ್ತಾಯ, ಇರಲಿ. ಆದರೆ ಫೀಸು ಕಟ್ಟಿ ಇಂಗ್ಲಿಷ್ ಕಲಿಸಿ, ಅದರಲ್ಲಿ ಸುಖವಾಗಿ ಓದಿದರೆ ಬೈಯುವುದು ಯಾವ ನ್ಯಾಯ?

ಅಕ್ಷರಕ್ಕಿಂತ ಮೊದಲು ಕಿವಿಯಿಂದ ಶುರುಮಾಡಬಹುದು. ಇದೇ ಪುಣೆಯಲ್ಲಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದರು, ಪತ್ನಿ ಉಮಾ ಕುಲಕರ್ಣಿ ಕೇಳಿಸಿಕೊಂಡು ಮರಾಠಿಗೆ ಇಳಿಸುತ್ತಿದ್ದರು. ಭೈರಪ್ಪನವರ ‘ವಂಶವೃಕ್ಷ’, ‘ಪರ್ವ’ ಮರಾಠಿ ಮನೆಗಳನ್ನು ಹೊಕ್ಕಿದ್ದು ಹಾಗೆ. ‘ವಂಶವೃಕ್ಷ’ದ ಅನುವಾದಕ್ಕೆ 1989ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಈಗಂತೂ ಕನ್ನಡದಲ್ಲಿ ಆಡಿಯೊ ಪುಸ್ತಕಗಳಿವೆ. ಹೊರನಾಡ ಸಂಘಗಳು ಹಾರ, ಶಾಲು, ಸನ್ಮಾನಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅವುಗಳಿಗೆ ಕೊಡಲಿ. ಮೊದಲ ವರ್ಷಕ್ಕೆ ‘ಕರ್ವಾಲೊ’ ಸಾಕು. ಭಾಷಣ ಬೇಡ.